ಚೀಲದ ಉಸಿರು ನೋಡಿಕೋ

ಚಿ. ಮೇಘನಾಳಿಗೆ ಮಾವನ ಆಶೀರ್ವಾದಗಳು.

ಬೊಮ್ಮಸಂದ್ರದ ಹೊಸ ಕೆಲಸದಲ್ಲಿ ನಿನ್ನ ಕೈಗೆ 200 ಲೀಟರಿನ ಸಿಂಗಲ್ ಯೂಸ್ ಬಯೋರಿಯಾಕ್ಟರ್, ಅಂದರೆ ಕೋಶ ಬೆಳೆಸಿ ಆಮೇಲೆ ಬಿಸಾಡುವ ಪ್ಲಾಸ್ಟಿಕ್ ಚೀಲ, ಕೊಟ್ಟಿದ್ದಾರೆ, ಅದೂ ಪರ್ಫ್ಯೂಷನ್ ರನ್ನಿಗೆ (ಕೋಶಗಳನ್ನು ಒಳಗುಳಿಸಿ ಮೀಡಿಯಾ, ಅಂದರೆ ಪೋಷಕ ದ್ರವ, ಹರಿಸುತ್ತಲೇ ಇರುವುದು), ಎಂದು ಅಕ್ಕ ಫೋನಿನಲ್ಲಿ ಹೇಳಿದಳು. ಸ್ಟೀಲ್ ಟ್ಯಾಂಕಿನಂತೆ ತೊಳೆದು ಹಬೆ ಹಾಯಿಸುವ ರಗಳೆ ಇಲ್ಲವೆಂದು ನಿನಗೆ ಖುಷಿಯಂತೆ. ಇರಲಿ. ಆದರೆ ಕೋಶಗಳು ದಟ್ಟವಾದಮೇಲೆ ಚೀಲವನ್ನು ಸೋಲಿಸುವುದು ಗಾಳಿ. ಕಾಗದ ಪೆನ್ನು ಹಿಡಿದು ಈ ಲೆಕ್ಕ ಒಮ್ಮೆ ನೀನೇ ಮಾಡಿ ನೋಡು.

ಮಿಲಿಲೀಟರಿಗೆ 5 ಕೋಟಿ ಸಿಎಚ್‌ಒ ಕೋಶ (ಔಷಧದ ಪ್ರೋಟೀನಿಗಾಗಿ ಬೆಳೆಸುವ ಹ್ಯಾಮ್‌ಸ್ಟರ್ ಅಂಡಾಶಯದ ಕೋಶ) ಎಂದಿಟ್ಟುಕೋ. ಒಂದೊಂದೂ ಗಂಟೆಗೆ ಸುಮಾರು 0.3 ಪಿಕೋಮೋಲ್ ಆಮ್ಲಜನಕ ತಿಂದರೆ ಗಂಟೆಗೆ ಲೀಟರಿಗೆ 15 ಮಿಲಿಮೋಲ್ ಆಯಿತು. ಡಿಒ (ಕರಗಿದ ಆಮ್ಲಜನಕ) 40%ರಲ್ಲಿ ನಿಲ್ಲಿಸಿದರೆ, ಆಮ್ಲಜನಕವನ್ನು ದ್ರವಕ್ಕೆ ತಳ್ಳಲು ಬರೀ ಗಾಳಿಯಿಂದ ಸಿಗುವ ಅಂತರ ಲೀಟರಿಗೆ 0.12 ಮಿಲಿಮೋಲ್ ಮಾತ್ರ. ಕೆಎಲ್ಎ (ಆಮ್ಲಜನಕ ದ್ರವಕ್ಕೆ ಇಳಿಯುವ ವೇಗದ ಅಳತೆ) ಗಂಟೆಗೆ 125 ಬೇಕಾಗುತ್ತದೆ. ನಿನ್ನ ಚೀಲದಿಂದ ಆಗುವ ಮಾತಲ್ಲ. ಶುದ್ಧ ಆಮ್ಲಜನಕಕ್ಕಾದರೆ 17 ಸಾಕು. ಅದಕ್ಕೇ ಎಲ್ಲರೂ ಸಣ್ಣ ಗುಳ್ಳೆ ಬಿಡುವ ಮೈಕ್ರೋಸ್ಪಾರ್ಜರಿನಲ್ಲಿ ಆಮ್ಲಜನಕ ಬಿಟ್ಟು ನಿರಾಳವಾಗಿ ಕೂರುತ್ತಾರೆ. ಆಮೇಲೆ ಕೋಶಗಳು ಬಿಟ್ಟ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದು ಪಿಎಚ್ ಇಳಿಯುತ್ತದೆ, ಕಂಟ್ರೋಲರ್ ಬೇಸ್ (ಕ್ಷಾರ) ಸುರಿಯುತ್ತದೆ, ಆಸ್ಮೊಲಾಲಿಟಿ (ಕರಗಿದ ಲವಣಾದಿಗಳ ಸಾಂದ್ರತೆ) ಏರುತ್ತದೆ, ಬೆಳವಣಿಗೆ ಕುಂಟುತ್ತದೆ. ಕೋಶಗಳೇ ಬಿಡುವ ಲ್ಯಾಕ್ಟೇಟನ್ನು ದೂರುವ ಮೊದಲು ಬ್ಲಡ್ ಗ್ಯಾಸ್ ಅನಲೈಸರಿನಲ್ಲಿ ಪಿಸಿಒ2 (ಕರಗಿದ ಇಂಗಾಲದ ಡೈಆಕ್ಸೈಡಿನ ಒತ್ತಡ) ನೋಡು. ಸ್ಯಾಂಪಲ್ ತೆಗೆದ ಕೂಡಲೇ ನೋಡು. ತೆರೆದಿಟ್ಟರೆ ಅನಿಲ ಹಾರಿಹೋಗಿ ಪಿಎಚ್ ಕೂಡ ಸುಳ್ಳು ಹೇಳುತ್ತದೆ.

ಒಳಗೆ ಹೋದ ಆಮ್ಲಜನಕದಷ್ಟೇ ಇಂಗಾಲದ ಡೈಆಕ್ಸೈಡ್ ಹೊರಗೆ ಬರಬೇಕಲ್ಲ? 200 ಲೀಟರಿಗೆ ಗಂಟೆಗೆ 3 ಮೋಲ್, ಹೆಚ್ಚುಕಡಿಮೆ 75 ಲೀಟರ್ ಅನಿಲ. ಪಿಸಿಒ2 100 ಎಂಎಂ ಪಾದರಸ ದಾಟಬಾರದು ಎಂದರೆ ಹೊರಹೋಗುವ ಗುಳ್ಳೆಯಲ್ಲಿ ಅದರ ಪಾಲು 13% ಮೀರುವಂತಿಲ್ಲ. ಹಾಗಾಗಿ ನಿಮಿಷಕ್ಕೆ ಸುಮಾರು 10 ಲೀಟರ್ ಅನಿಲ ದ್ರವದೊಳಗಿಂದ ಹಾಯಲೇಬೇಕು. ಬಹುಪಾಲನ್ನು ದೊಡ್ಡ ರಂಧ್ರದ ಸ್ಪಾರ್ಜರಿನಿಂದ ಗಾಳಿಯಾಗಿ ಬಿಡು. ಓವರ್‌ಲೇ (ದ್ರವದ ಮೇಲೆ ಹಾಯಿಸುವ ಗಾಳಿ) ಹೆಚ್ಚಿಸಿದರೆ ಸಿಗುವುದು ಅಲ್ಪ.

ಈ 10 ಲೀಟರ್ ಹೊರಹೋಗುವುದು ಎಕ್ಸಾಸ್ಟ್ ಫಿಲ್ಟರಿನ ಮೂಲಕ. 37 ಡಿಗ್ರಿಯ ಒದ್ದೆ ಅನಿಲ ದಿನಕ್ಕೆ ಅರ್ಧ ಲೀಟರಿಗೂ ಮಿಕ್ಕಿ ನೀರು ಹೊತ್ತೊಯ್ಯುತ್ತದೆ. ಕಂಡೆನ್ಸರ್ ತಣ್ಣಗಿದೆಯೇ, ಫಿಲ್ಟರ್ ಹೀಟರ್ ಬಿಸಿಯಾಗಿದೆಯೇ ಎಂದು ಪ್ರತಿ ಪಾಳಿಯಲ್ಲೂ ಹೋಗಿ ನೋಡು, ಪರದೆಯ ಹಸಿರು ಬಣ್ಣ ನಂಬಬೇಡ. ಫಿಲ್ಟರ್ ನೆನೆದರೆ ಚೀಲ ಉಬ್ಬುತ್ತದೆ. ಇಂಥ ಚೀಲಗಳ ಮಿತಿ 30 ಮಿಲಿಬಾರ್ ಆಸುಪಾಸು. ಇಂಟರ್‌ಲಾಕ್ (ಒತ್ತಡ ಮೀರಿದರೆ ತಾನಾಗಿ ತಡೆಯುವ ಏರ್ಪಾಡು) ಅನಿಲ ನಿಲ್ಲಿಸಿಬಿಟ್ಟರೆ ಚೀಲ ಉಳಿಯುತ್ತದೆ, ಆದರೆ ಕರಗಿರುವ ಆಮ್ಲಜನಕ ಮುಗಿಯಲು ಬೇಕಾದದ್ದು 20 ಸೆಕೆಂಡು. ಎರಡನೇ ಫಿಲ್ಟರನ್ನು ಕ್ಲ್ಯಾಂಪ್ ಹಾಕಿ ಮೊದಲೇ ಜೋಡಿಸಿಟ್ಟಿರಬೇಕು ಎನ್ನುವುದು ಇದಕ್ಕೇ. ಎಟಿಎಫ್ (ಕೋಶಗಳನ್ನು ಉಳಿಸಿ ದ್ರವ ಸೋಸಿ ತೆಗೆಯುವ ಟೊಳ್ಳು ನಾರಿನ ಫಿಲ್ಟರ್) ನಿಂತಾಗಲೂ ನಾರಿನೊಳಗೆ ಸಿಕ್ಕಿದ ಕೋಶಗಳಿಗೆ ಇದೇ ಗತಿ.

ನೊರೆ ಕಂಡೊಡನೆ ಆಂಟಿಫೋಮ್ ಸುರಿಯುವ ಕೈ ಬೇಡ. ಗುಳ್ಳೆಗಳು ಕೂಡಿಕೊಂಡು ಕೆಎಲ್ಎ ಬೀಳುತ್ತದೆ, ಸಿಲಿಕೋನ್ ಹೋಗಿ ಎಟಿಎಫ್ ಪೊರೆಗೆ ಅಂಟುತ್ತದೆ.

ಮೀಡಿಯಾದ ಲೆಕ್ಕ ಸುಲಭ. ಕೋಶಕ್ಕೆ ದಿನಕ್ಕೆ 40 ಪಿಕೋಲೀಟರ್ ಎಂದರೆ ದಿನಕ್ಕೆ ಎರಡು ಚೀಲದಷ್ಟು, 400 ಲೀಟರ್. ಮೀಡಿಯಾ ಬಿಡುವ ಫೀಡ್ ಪಂಪಿಗೂ ಸೋಸಿದ್ದನ್ನು ತೆಗೆಯುವ ಪರ್ಮಿಯೇಟ್ ಪಂಪಿಗೂ 2% ವ್ಯತ್ಯಾಸ ಬಂದರೆ ದಿನಕ್ಕೆ 8 ಲೀಟರ್ ಏರುಪೇರು. ಮಟ್ಟವನ್ನು ಚೀಲ ತೂಗುವ ಲೋಡ್ ಸೆಲ್ ನೋಡಿಕೊಳ್ಳುತ್ತದೆ, ನಿಜ. ಯಾರಾದರೂ ಟ್ಯೂಬನ್ನು ಬಿಗಿಯಾಗಿ ಕಟ್ಟಿದರೆ ಅದಕ್ಕೂ ತೂಕ ತಪ್ಪುತ್ತದೆ.

ಚೀಲ ಕೂರಿಸುವ ದಿನ ಬಳೆ, ಉಂಗುರ, ಜೇಬಿನ ಪೆನ್ನು ಎಲ್ಲ ಹೊರಗೆ. ಪೆಟ್ಟಿಗೆಗೆ ಬ್ಲೇಡ್ ಹಾಕಬೇಡ. ಮೊದಲು ಗಾಳಿ ತುಂಬಿ ಮಡಿಕೆ ಬಿಡಿಸು, ಪ್ರೆಶರ್ ಹೋಲ್ಡ್ ಮಾಡಿ ಸೋರುತ್ತದೆಯೇ ನೋಡು. ಮೀಡಿಯಾ ಬಿಡುವ ಮೊದಲೇ ಸ್ಪಾರ್ಜರಿನಲ್ಲಿ ಸ್ವಲ್ಪ ಗಾಳಿ ಹರಿಯುತ್ತಿರಲಿ, ಇಲ್ಲದಿದ್ದರೆ ದ್ರವ ಗ್ಯಾಸ್ ಲೈನಿಗೆ ಹಿಮ್ಮುಖ ನುಗ್ಗುತ್ತದೆ. ಇಂಪೆಲ್ಲರ್ ಮುಳುಗುವವರೆಗೆ ತಿರುಗಿಸಬೇಡ.

ಚೀಲದ ಲಾಟ್ ನಂಬರ್ ಬರೆದಿಡು. ಪಾಲಿಥೀನಿಗೆ ಬೆರೆಸುವ ಇರ್ಗಾಫಾಸ್ 168 ಎಂಬ ಆಂಟಿಆಕ್ಸಿಡೆಂಟ್, ಚೀಲವನ್ನು ಕ್ರಿಮಿಶುದ್ಧ ಮಾಡಲು ಹಾಯಿಸುವ ಗ್ಯಾಮಾ ಕಿರಣಕ್ಕೆ ಒಡೆದು, ಕೋಶಗಳ ಬೆಳವಣಿಗೆ ತಡೆಯುವ ಬಿಡಿಟಿಬಿಪಿಪಿ ಎಂಬ ವಸ್ತು ಆಗುತ್ತದೆಂದು 2013ರಲ್ಲೇ ಪ್ರಕಟವಾಗಿದೆ. ತಯಾರಕರು ಆಮೇಲೆ ಫಿಲ್ಮುಗಳನ್ನು ಸುಧಾರಿಸಿದ್ದಾರೆ. ಆದರೂ ಎಲ್ಲ ಅಂಕಿ ಸರಿಯಿದ್ದು ಮೊದಲ ಎರಡು ದಿನ ಕೋಶಗಳು ಮಂಕಾದರೆ, ಅದೇ ಮೀಡಿಯಾ, ಅದೇ ಸೀಡ್ (ಬಿತ್ತಿದ ಕೋಶ) ಶೇಕ್ ಫ್ಲಾಸ್ಕಿನಲ್ಲಿ ಹೇಗಿದೆ ನೋಡು.

ಯುಗಾದಿಗೆ ಬಾ. ಕಂಪನಿಯ ಅಂಕಿ ನನಗೆ ಬೇಡ, ನೀನು ಲೆಕ್ಕ ಹಾಕಿದ ಕಾಗದ ತಾ.

ಇಂತಿ,
ನಿನ್ನ ಮಾವ