ಶುಲ್ಕದ ಜತೆ ಒಂದು ಸಂಜೆಯನ್ನೂ ಕೊಡಿ

ಮಾನ್ಯರೇ,

ಗುರುತು ಪರಿಚಯವಿಲ್ಲದ ಮಕ್ಕಳ ಕಾಲೇಜು ಶುಲ್ಕವನ್ನು ಸದ್ದಿಲ್ಲದೆ ಕಟ್ಟುವ ಅಂಗಡಿಯವರು, ನಿವೃತ್ತ ಶಿಕ್ಷಕರು ಯಾದಗಿರಿ ಜಿಲ್ಲೆಯಲ್ಲಿದ್ದಾರೆ. ಅವರಿಗೆ ಕೈಮುಗಿಯುತ್ತಲೇ ಒಂದು ವಿನಂತಿ: ಮಕ್ಕಳು ಸೋಲುವುದು ಎಷ್ಟೋ ಸಲ ಹಣಕ್ಕಲ್ಲ, ಕಾಗದಪತ್ರಕ್ಕೆ.

ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಮೂಲಕ ಹಾಕುವ ವಿದ್ಯಾರ್ಥಿವೇತನದ ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲೆ ಮುದ್ರಿತವಾಗಿರುವ ಆರ್‌ಡಿ ಸಂಖ್ಯೆ ಬೇಕು. ಆದಾಯ ಪತ್ರದ ಅವಧಿ 5 ವರ್ಷ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಪದವಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ. ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿನಲ್ಲಿ ಒಂದಕ್ಷರ ಆಚೀಚೆಯಾದರೂ ತೊಡಕು. ಇನ್ನು ಒಟಿಪಿ. ಮಗುವಿನ ಆಧಾರ್‌ಗೆ ಜೋಡಿಸಿದ ಮೊಬೈಲು ಗುಳೆ ಹೋದ ಅಪ್ಪನ ಜೇಬಿನಲ್ಲಿ, ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತದೆ. ಆತ ಗೌಂಡಿ ಕೆಲಸದಿಂದ ಇಳಿದು ಫೋನು ನೋಡುವಷ್ಟರಲ್ಲಿ ಒಟಿಪಿ ಅವಧಿ ಮುಗಿದಿರುತ್ತದೆ. ಅದಕ್ಕೇ ಅರ್ಜಿಯನ್ನು ಸಂಜೆ ಹಾಕಿಸಿ, ಮೊದಲೇ ಅಪ್ಪನಿಗೆ ಹೇಳಿಡಿ.

ಮಂಜೂರಾದ ಹಣ ಖಾತೆಗೆ ಬಾರದಿದ್ದರೆ, ಬ್ಯಾಂಕಿನಲ್ಲಿ 'ಆಧಾರ್ ಲಿಂಕ್ ಆಗಿದೆಯಾ' ಎಂದಷ್ಟೇ ಕೇಳಬೇಡಿ. ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗಿದೆ ಎಂದು ಕೇಳಿ. ಎರಡೂ ಬೇರೆ ಬೇರೆ: ಆಧಾರ್ ಮೂಲಕ ಬರುವ ಸರ್ಕಾರದ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂದು ತೋರಿಸುವುದು ಈ ಮ್ಯಾಪಿಂಗ್.

ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರ ಸಹಾಯಕ ಆಯುಕ್ತರ ಕಚೇರಿಯಿಂದ ಬರಬೇಕು. ಇಲ್ಲಿನ ಕಾಲೇಜುಗಳಲ್ಲಿ ಸ್ಥಳೀಯರಿಗಿರುವ ಶೇ 70ರಷ್ಟು ಸೀಟುಗಳ ಮೀಸಲಾತಿ ಅದರ ಮೇಲೆ ನಿಂತಿದೆ. ಸಿಇಟಿ ಫಲಿತಾಂಶದ ನಂತರ ಓಡಾಡುವ ಬದಲು ದ್ವಿತೀಯ ಪಿಯು ಓದುವಾಗಲೇ ಮಾಡಿಸಿ.

ನೆರವು ಕೊಡುವಾಗ ಫೋಟೊ ಬೇಡವೇ ಬೇಡ. ಆ ವಯಸ್ಸಿನ ಮಕ್ಕಳಿಗೆ ಅದು ಬಹಳ ನೋಯುತ್ತದೆ. ಶುಲ್ಕವನ್ನು ನೇರವಾಗಿ ಕಾಲೇಜಿಗೇ ಕಟ್ಟಿ. ರಸೀದಿ ಮಾತ್ರ ವಿದ್ಯಾರ್ಥಿಯ ಹೆಸರಿನಲ್ಲೇ ಇರಲಿ, ವಿದ್ಯಾರ್ಥಿವೇತನದ ಅರ್ಜಿಗೆ ಅದನ್ನೇ ಕೇಳುತ್ತಾರೆ.

– ಓದುಗರೊಬ್ಬರು, ಯಾದಗಿರಿ