ಮೈನಿಂಗ್ ಎಂಜಿನಿಯರಿಂಗ್ ಕಡೆಗೂ ಒಮ್ಮೆ ನೋಡಿ

ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಪಿಯುಸಿ ಮಕ್ಕಳೇ, ಪಾಲಕರೇ, ಇದನ್ನು ದಯವಿಟ್ಟು ಪೂರ್ತಿ ಓದಿ.

ವಾಡಿ, ಮಳಖೇಡ, ಸೇಡಂ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೇ ನಮ್ಮ ನೆಲದ ಸುಣ್ಣದಕಲ್ಲಿನ ಮೇಲೆ. ಆದರೂ ನಮ್ಮ ಮಕ್ಕಳು ಕಂಪ್ಯೂಟರ್ ಸೈನ್ಸ್ ಬಿಟ್ಟು ಬೇರೆ ಸೀಟು ಕೇಳುವುದು ಕಡಿಮೆ. ಗಣಿ ಅಂದ್ರೆ ಬರೀ ಧೂಳು, ಸ್ಫೋಟ ಅಂದುಕೊಂಡಿದ್ದೇವೆ, ಅಲ್ವಾ?

ಮೈನ್ ಪ್ಲಾನಿಂಗ್, ಅಂದ್ರೆ ಗಣಿ ಅಗೆಯುವುದಕ್ಕೆ ಯೋಜನೆ ಹಾಕುವುದು, ಹೆಚ್ಚಾಗಿ ತಲೆಯ ಕೆಲಸ. ಬೋರ್‌ಹೋಲ್ ಕೊರೆದು ತೆಗೆದ ಸ್ಯಾಂಪಲ್ ನೋಡಿ, ಎಲ್ಲಿ ಎಂಥ ಕಲ್ಲಿದೆ ಅಂತ ಕಂಪ್ಯೂಟರ್‌ನಲ್ಲಿ ತ್ರೀಡಿ ಮಾದರಿ ಕಟ್ಟುತ್ತಾರೆ. ಸರ್ಪ್ಯಾಕ್, ಡೇಟಾಮೈನ್ ಇದಕ್ಕೆ ಬಳಸುವ ಸಾಫ್ಟ್‌ವೇರ್‌ಗಳು. ಯಾವ ಬೆಂಚ್ (ಗಣಿಯಲ್ಲಿ ಮೆಟ್ಟಿಲಿನಂತೆ ಕಡಿದ ಹಂತ) ಮೊದಲು ಒಡೆಯಬೇಕು, ಡಂಪರ್ ಓಡುವ ದಾರಿ ಎಷ್ಟು ಇಳಿಜಾರು ಇರಬೇಕು, ಮೇಲ್ಮಣ್ಣು ಎಲ್ಲಿ ಹಾಕಬೇಕು, ಎಲ್ಲ ಮೊದಲೇ ಲೆಕ್ಕ ಹಾಕಬೇಕು. ಸುಣ್ಣದಂಶ ಜಾಸ್ತಿ ಇರುವ ಕಲ್ಲನ್ನು ಕಡಿಮೆ ಇರುವುದರ ಜೊತೆ ಬೆರೆಸಿ, ಕಾರ್ಖಾನೆಗೆ ಸದಾ ಒಂದೇ ಹದದ ಕಲ್ಲು ಕಳಿಸಬೇಕು. ಒಳ್ಳೆಯದನ್ನೆಲ್ಲ ಮೊದಲೇ ತೆಗೆದುಬಿಟ್ಟರೆ ಮುಂದೆ ಬೆರೆಸಲು ಏನೂ ಉಳಿಯುವುದಿಲ್ಲ. ನನಗೆ ಈ ಕೆಲಸದಲ್ಲಿ ತುಂಬ ಇಷ್ಟವಾಗುವುದು ಈ ಬೆರೆಸುವ ಲೆಕ್ಕಾಚಾರವೇ.

ಸುರತ್ಕಲ್ ಎನ್‌ಐಟಿಯಲ್ಲಿ ಮೈನಿಂಗ್ ಎಂಜಿನಿಯರಿಂಗ್ ಕೋರ್ಸ್ ಇದೆ, ಜೆಇಇ ಮೇನ್ ಬರೆಯಬೇಕು. 1926ರಲ್ಲಿ ಶುರುವಾದ ಧನಬಾದ್ ಐಐಟಿಗೆ ಜೆಇಇ ಅಡ್ವಾನ್ಸ್ಡ್ ಬೇಕು. ಡಿಗ್ರಿ ಒಂದೇ ಸಾಲದು. ಗಣಿಯಲ್ಲಿ ಅನುಭವ ಪಡೆದು, ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಮ್ಯಾನೇಜರ್ ಸರ್ಟಿಫಿಕೇಟ್ ಪರೀಕ್ಷೆ ಪಾಸಾದರೆ ದೊಡ್ಡ ಜವಾಬ್ದಾರಿಯ ಹುದ್ದೆಗಳ ದಾರಿ ತೆರೆಯುತ್ತದೆ.

ಹೆಣ್ಣುಮಕ್ಕಳ ಪಾಲಕರಿಗೆ ಒಂದು ಮಾತು. ನೆಲದಡಿಯ ಗಣಿಯಲ್ಲೂ ತಾಂತ್ರಿಕ, ಮೇಲ್ವಿಚಾರಣೆ ಕೆಲಸಗಳಿಗೆ ಮಹಿಳೆಯರನ್ನು ನೇಮಿಸಲು 2019ರಲ್ಲೇ ಕೇಂದ್ರ ಸರ್ಕಾರ ಅವಕಾಶ ಕೊಟ್ಟಿದೆ. ಸುಮ್ನೆ ಬೇಡ ಅನ್ನಬೇಡಿ.

ಆಸಕ್ತಿ ಇರುವವರು ಇಲ್ಲೇ ಹೆಸರು, ಓದುತ್ತಿರುವ ತರಗತಿ ಬರೆಯಿರಿ.