ಹುಟ್ಟುವ ಮೊದಲೇ ಹುಟ್ಟಿಸಿದಿರಿ: ನಿಮ್ಮ ಆ್ಯಪ್ ಬಗ್ಗೆ ಒಂದು ದೂರು

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ

ವಿಷಯ: ನಿಮ್ಮ ಆ್ಯಪ್ ನನ್ನ ಮಗುವಿನ ವಯಸ್ಸನ್ನು 5 ದಿನ ತಪ್ಪಾಗಿ ಎಣಿಸಿದ್ದು, ಅದರಿಂದ ಆದ ತೊಂದರೆ

ಮಾನ್ಯರೇ,

ಈ ಪತ್ರವನ್ನು ಕಂತುಗಳಲ್ಲಿ ಬರೆಯುತ್ತಿದ್ದೇನೆ. ಮಗು ಮಲಗಿದಾಗ ಒಂದಿಷ್ಟು, ಮತ್ತೆ ಮಲಗಿದಾಗ ಇನ್ನೊಂದಿಷ್ಟು. ಅಲ್ಲಲ್ಲಿ ಕೊಂಡಿ ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಬಸಿರಾದ 8ನೇ ವಾರದಿಂದ ನಾನು ನಿಮ್ಮ ಆ್ಯಪಿಗೆ ಚಂದಾ ಕಟ್ಟಿದ್ದೇನೆ. ಮೊದಮೊದಲು ಖುಷಿಯೇ ಇತ್ತು. ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ, ಹಾಗಾಗಿ '8 ವಾರ' ಅಂದರೆ ಒಳಗಿರುವ ಜೀವಕ್ಕೆ ನಿಜವಾಗಿ ಸುಮಾರು 6 ವಾರ ಅಂತ ನನಗೆ ಗೊತ್ತಾಗಿದ್ದೇ ನಿಮ್ಮಿಂದ. 20ನೇ ವಾರದ ಹೊತ್ತಿಗೆ ಹೊಟ್ಟೆಯಲ್ಲಿ ಮೀನು ಹೊರಳಿದ ಹಾಗೆ ಆಯಿತು. ಅದು ಗ್ಯಾಸ್ ಅಲ್ಲ, ಮಗು ಮಿಸುಕಾಡುತ್ತಿದೆ ಅಂದಿದ್ದೂ ನೀವೇ. ಅಷ್ಟಕ್ಕೆ ಧನ್ಯವಾದ.

ತೊಂದರೆ ಶುರುವಾಗಿದ್ದು 40 ವಾರ ತುಂಬಿದ ದಿನ. ಬೆಳಿಗ್ಗೆ ಮೊಬೈಲ್ ತೆಗೆದರೆ ಪರದೆ ತುಂಬಾ ಬಣ್ಣದ ಚೂರುಗಳು ಉದುರುತ್ತಿವೆ. 'ಅಭಿನಂದನೆಗಳು! ನಿಮ್ಮ ಕಂದ ಬಂದಾಯ್ತು!' ಕಂದ ಎಲ್ಲೂ ಬಂದಿರಲಿಲ್ಲ. ಒಳಗೇ ಕೂತು ಪಕ್ಕೆಗೆ ಒದೆಯುತ್ತಿತ್ತು. ಮನೆಯವರೆಲ್ಲ ನಕ್ಕೆವು. ಆಮೇಲೆ ನಗು ಬರಲಿಲ್ಲ.

ಡಾಕ್ಟರ್ ಕೊಡುವ ಹೆರಿಗೆ ದಿನಾಂಕ ಬರೀ ಅಂದಾಜು. ಮುಟ್ಟಿನಿಂದ 280 ದಿನ ಕೂಡಿಸಿದರೆ ಬರುವ ದಿನ ಅದು. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. ಒಂದೆರಡು ವಾರ ಹಿಂದೆ ಮುಂದೆ ಆಗುವುದು ಮಾಮೂಲು. ಬಸಿರಿನ ಆ್ಯಪ್ ಮಾಡುವವರಿಗೆ ಇದನ್ನು ನಾನು ಹೇಳಿಕೊಡಬೇಕಾ?

ನನ್ನ ಮಗ ಹುಟ್ಟಿದ್ದು 5 ದಿನದ ನಂತರ, 3,100 ಗ್ರಾಂ ತೂಕದೊಂದಿಗೆ. ನಿಮ್ಮ ಲೆಕ್ಕದಲ್ಲಿ ಆಗಲೇ ಅವನಿಗೆ 5 ದಿನ! ಹುಟ್ಟಿದ ದಿನಾಂಕ ತಿದ್ದಲು ಹೋದರೆ ಆ ಜಾಗ ಒತ್ತಲು ಬರುವುದಿಲ್ಲ. ನಿಮಗೆ ಮೇಲ್ ಮಾಡಿದೆ. 'ಗರ್ಭಾವಸ್ಥೆ ವಿಭಾಗಕ್ಕೆ ಹೋಗಿ ಬದಲಿಸಿ' ಅಂತ ಯಂತ್ರದ ಉತ್ತರ ಬಂತು. ಮಗು ಬಂದಾಯ್ತು ಅಂತ ಆ ವಿಭಾಗವನ್ನೇ ನೀವು ಮುಚ್ಚಿದ್ದೀರಿ. ಇನ್ನೆರಡು ಸಲ ಬರೆದೆ. ಅದೇ ಉತ್ತರ, ಕೊನೆಯಲ್ಲಿರುವ ನಗುಮುಖವೂ ಅದೇ.

ಐದು ದಿನದಲ್ಲಿ ಏನು ಮಹಾ ಅನ್ನಬಹುದು ನೀವು. ಐದು ವರ್ಷದ ಮಗುವಿಗಾದರೆ ಏನೂ ಇಲ್ಲ. ಮೂರು ದಿನದ ಕೂಸಿಗೆ ಅದು ಅದುವರೆಗಿನ ಇಡೀ ಆಯಸ್ಸಿಗಿಂತ ಜಾಸ್ತಿ.

ಮೂರನೇ ದಿನ ತೂಕ 2,870 ಗ್ರಾಂ ಇತ್ತು. ರಾತ್ರಿ ಎರಡು ಗಂಟೆಗೆ ನಿಮ್ಮ ಆ್ಯಪಿನಲ್ಲಿ ತುಂಬಿಸಿದೆ. ಮೂರು ಕೆಂಪು ಗುರುತು ಬಂದವು. ಎಂಟು ದಿನವಾದರೂ ತೂಕ ಹುಟ್ಟುತೂಕದ ಹತ್ತಿರಕ್ಕೂ ಬಂದಿಲ್ಲ. ದಿನಕ್ಕೆ ಆರು ಸಲವಾದರೂ ಒದ್ದೆ ಮಾಡಬೇಕು, ಮೂರೇ ಆಗಿದೆ. ಕಕ್ಕ ಹಳದಿ ಆಗಿರಬೇಕು, ಇನ್ನೂ ಹಸಿರಿದೆ. ಕೆಳಗೆ ದಪ್ಪ ಅಕ್ಷರದಲ್ಲಿ, 'ನಿಮ್ಮ ಹಾಲು ಮಗುವಿಗೆ ಸಾಲುತ್ತಿಲ್ಲದಿರಬಹುದು'. ಅದರ ಕೆಳಗೆ ಡಬ್ಬಿ ಹಾಲಿನ ಜಾಹೀರಾತು.

ಹೊಲಿಗೆ ಇನ್ನೂ ಎಳೆಯುತ್ತಿತ್ತು. ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಆ ಹೊತ್ತಿನಲ್ಲಿ ಬಾಣಂತಿಗೆ ಈ ಮಾತು ಹೇಳಿದರೆ ಏನಾಗುತ್ತದೆ ಅಂತ ನಿಮ್ಮಲ್ಲಿ ಯಾರಾದರೂ ಯೋಚಿಸಿದ್ದೀರಾ? ಬೆಳಗಿನವರೆಗೂ ಅಳುತ್ತಾ ಕೂತಿದ್ದೆ.

ಬೆಳಿಗ್ಗೆ ಬಂದ ಸಿಸ್ಟರ್ ಮೊಬೈಲ್ ನೋಡಿ ಕೇಳಿದ್ದು ಒಂದೇ ಪ್ರಶ್ನೆ. 'ಎಂಟು ದಿನ ಯಾರಿಗಮ್ಮ?' ಆಮೇಲೆ ಪಕ್ಕದಲ್ಲಿ ಕೂತು ನಿಧಾನಕ್ಕೆ ಹೇಳಿದರು. ಹುಟ್ಟಿದ ಮಕ್ಕಳೆಲ್ಲ ಮೊದಲು ಸ್ವಲ್ಪ ಇಳಿಯುತ್ತವೆ. ಮೈಯ ಹೆಚ್ಚುವರಿ ನೀರು ಹೋಗುತ್ತದೆ, ಹೊಟ್ಟೆಯಲ್ಲಿದ್ದ ಕಪ್ಪು ಅಂಟು ಮಲ ಹೋಗುತ್ತದೆ. ಹೆರಿಗೆ ವೇಳೆ ತಾಯಿಗೆ ಡ್ರಿಪ್ ಹಾಕಿದ್ದರೆ ಹುಟ್ಟುತೂಕವೇ ಕೊಂಚ ಜಾಸ್ತಿ ತೋರಿಸಬಹುದು. ನನಗೂ ಹಾಕಿದ್ದರು. ನನ್ನ ಮಗ ಇಳಿದಿದ್ದು 230 ಗ್ರಾಂ, ಅಂದರೆ ನೂರಕ್ಕೆ ಏಳೂವರೆಯಷ್ಟೂ ಇಲ್ಲ. ಹತ್ತು ದಾಟಿದರೆ ಸರಿಯಾಗಿ ಪರೀಕ್ಷೆ ಮಾಡಬೇಕು ಅಂದರು. ಮೂರನೇ ದಿನಕ್ಕೆ ಮೂರು ಸಲ ಒದ್ದೆ, ಹಸಿರು ಕಕ್ಕ, ಎಲ್ಲವೂ ಸರಿಯೇ. ಮೊದಲ ದಿನಗಳಲ್ಲಿ ಬರುವ ಮಂದ ಹಾಲು ಚಮಚ ಲೆಕ್ಕದ್ದು, ಮಗುವಿಗೆ ಬೇಕಾಗಿದ್ದೂ ಅಷ್ಟೇ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕೊಡುತ್ತಾ ಹೋಗಿ ಅಂದರು. ಕುಡಿಸುವಾಗ ಹಿಡಿಯುವ ರೀತಿಯನ್ನೂ ತಿದ್ದಿದರು. ಅದೇ ಸಂಜೆ ಎದೆ ತುಂಬಿ ಬಂತು. 11ನೇ ದಿನಕ್ಕೆ ಮಗ 3,120 ಗ್ರಾಂ.

ನಮ್ಮ ಕತೆ ಹೆದರಿಕೆಯಲ್ಲೇ ಮುಗಿಯಿತು. ನನಗೆ ಜಾಸ್ತಿ ಚಿಂತೆ ಇರುವುದು ಇದರ ಉಲ್ಟಾ ಆದರೆ ಏನು ಅಂತ. ಎರಡು ಮೂರನೇ ದಿನಕ್ಕೆ ಮಗು ಸ್ವಲ್ಪ ಹಳದಿಯಾಗುವುದು ಸಾಮಾನ್ಯ. ಆದರೆ ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಅಂಥ ಮಗುವಿನ ತಾಯಿ ನಿಮ್ಮ ಆ್ಯಪನ್ನು ಕೇಳಿದರೆ? ನಿಮ್ಮ ಲೆಕ್ಕದಲ್ಲಿ ಆ ಮಗುವಿಗೆ ಆರನೇ ದಿನ. 'ಈ ವಯಸ್ಸಿನಲ್ಲಿ ಇದು ಸಹಜ' ಅಂತ ಹಸಿರು ಗುರುತು ತೋರಿಸುತ್ತೀರಿ. ನಾನೇ ಒತ್ತಿ ನೋಡಿದ್ದೇನೆ, ಹಾಗೇ ತೋರಿಸಿತು. ಸ್ಕ್ರೀನ್‌ಶಾಟ್ ಜೊತೆಗಿಟ್ಟಿದ್ದೇನೆ.

ಇನ್ನು ಜಾಹೀರಾತು. ಡಬ್ಬಿ ಹಾಲಿನ ಮೇಲೆ ನನಗೆ ಸಿಟ್ಟಿಲ್ಲ. ಬೇಕಾದವರಿಗೆ ಅದು ಬೇಕೇ ಬೇಕು. ಆದರೆ ಮೊದಲು ಹೆದರಿಸಿ, ಅದೇ ಪರದೆಯಲ್ಲಿ ಮಾರುವುದು ಯಾವ ನ್ಯಾಯ? ಎದೆಹಾಲಿಗೆ ಬದಲಿ ಹಾಲನ್ನು ಜನರಿಗೆ ಜಾಹೀರಾತು ಮಾಡಬಾರದು ಅಂತ ವಿಶ್ವ ಆರೋಗ್ಯ ಸಭೆ 1981ರಲ್ಲೇ ಸಂಹಿತೆ ಒಪ್ಪಿಕೊಂಡಿದೆ. ನಿಮ್ಮ ಜಾಹೀರಾತು ವಿಭಾಗದವರಿಗೆ ಅದನ್ನೊಮ್ಮೆ ಓದಲು ಹೇಳಿ.

ನಾನು ಕೇಳುತ್ತಿರುವುದು ಇಷ್ಟು. ಹೆರಿಗೆ ಆಗಿದೆ ಅಂತ ತಾಯಿ ಹೇಳುವವರೆಗೂ ಮಗುವಿನ ವಯಸ್ಸು ಎಣಿಸಬೇಡಿ. ಹುಟ್ಟಿದ ದಿನಾಂಕವನ್ನು ಯಾವಾಗ ಬೇಕಾದರೂ ತಿದ್ದಲು ಬಿಡಿ. ಮೊದಲ ವಾರದ ಕೆಂಪು, ಹಸಿರು ಗುರುತುಗಳನ್ನು ಮಕ್ಕಳ ಡಾಕ್ಟರ್ ಒಬ್ಬರು ಕೂತು ಸರಿಮಾಡಲಿ. ಅದಾಗುವವರೆಗೆ ಆ ಭಾಗವನ್ನೇ ಮುಚ್ಚಿಡಿ. ನನ್ನಂತೆ ದಿನ ದಾಟಿ ಹೆತ್ತವರಿಗೆಲ್ಲ ಇವತ್ತೇ ಒಂದು ಸಂದೇಶ ಕಳಿಸಿ, ಲೆಕ್ಕ ತಪ್ಪಿದೆ ಅಂತ. ಉಳಿದ ತಿಂಗಳುಗಳ ಚಂದಾ ಹಣ ವಾಪಸ್ ಕೊಡಿ. ಉತ್ತರ ಮನುಷ್ಯರೇ ಬರೆಯಲಿ. 15 ದಿನದೊಳಗೆ ಬಾರದಿದ್ದರೆ ಗ್ರಾಹಕ ದೂರು ವೇದಿಕೆಗೆ ಹೋಗುತ್ತೇನೆ.

ಎದ್ದ ಅಂತ ಕಾಣುತ್ತದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತಿ,
18 ದಿನದ ಮಗುವಿನ ತಾಯಿ
(ನಿಮ್ಮ ದಾಖಲೆಯಲ್ಲಿ ಹುಡುಕುವುದಾದರೆ, 23 ದಿನ)